ಸರ್ವರ್ ಇಲ್ಲ ಅಂದಾಗ ಇಲ್ಲದ್ದು ಯಾವುದು?

ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿ ಕಾಯುವ ಅಜ್ಜಿಗೂ, ನಾಡಕಚೇರಿಯಲ್ಲಿ ಆದಾಯ ಪ್ರಮಾಣಪತ್ರಕ್ಕೆ ನಿಂತ ವಿದ್ಯಾರ್ಥಿಗೂ, ಸೊಸೈಟಿಗೆ ಸಾಲದ ಕಂತು ಕಟ್ಟಲು ಬಂದ ರೈತನಿಗೂ ಸಿಗುವ ಉತ್ತರ ಒಂದೇ: ‘ಸರ್ವರ್ ಇಲ್ಲ, ಆಮೇಲೆ ಬನ್ನಿ.’ ಹೇಳುವವರು ಸುಳ್ಳು ಹೇಳುತ್ತಿಲ್ಲ. ಪರದೆಯ ಮೇಲೆ ಚಕ್ರ ತಿರುಗುತ್ತಿದೆ, ಮುಂದಕ್ಕೆ ಹೋಗುತ್ತಿಲ್ಲ. ಅವರಿಗೆ ಕಾಣುವುದು ಅಷ್ಟೇ. ಆದರೆ ದೂರದ ಊರಿನಲ್ಲಿ ಸರ್ವರ್ ಸರಿಯಾಗಿಯೇ ಓಡುತ್ತಿರುವಾಗಲೂ ಇಲ್ಲಿ ಇದೇ ಮಾತು ಬರುತ್ತದೆ. ಮೇಜಿನ ಕೆಳಗಿರುವ ಸ್ವಿಚ್‌ನ ಅಡಾಪ್ಟರ್ ಸಡಿಲವಾಗಿರಬಹುದು. ವೈಫೈ ಇದ್ದು, ಅದರ ಹಿಂದಿನ ಫೈಬರ್ ರಸ್ತೆ ಅಗೆತದಲ್ಲಿ ತುಂಡಾಗಿರಬಹುದು. ಜಾಲತಾಣದ ಹೆಸರಿಗೆ ಅಂಕಿಗಳ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಸುಮ್ಮನಾಗಿರಬಹುದು. ಕಂಪ್ಯೂಟರಿನ ಗಡಿಯಾರವೇ ತಪ್ಪಾಗಿ, ಚಾಲ್ತಿಯಲ್ಲಿರುವ ಭದ್ರತಾ ಪ್ರಮಾಣಪತ್ರವೂ ಅವಧಿ ಮುಗಿದಂತೆ ಕಂಡಿರಬಹುದು. ಇವುಗಳಲ್ಲಿ ಯಾವುದು ಎಂದು ಹತ್ತು ನಿಮಿಷದಲ್ಲಿ ಹೇಳಬಲ್ಲ ಒಬ್ಬರು ಆ ಕಚೇರಿಯಲ್ಲಿದ್ದರೆ ಅಜ್ಜಿಯ ಒಂದು ದಿನದ ಕೂಲಿ ಉಳಿಯುತ್ತದೆ.

ಆ ಒಬ್ಬರು ಎಂಜಿನಿಯರ್ ಆಗಿರಲೇಬೇಕೆಂದಿಲ್ಲ. ಬಿ.ಕಾಂ ಓದಿದವರು, ಸಹಕಾರ ಸಂಘದ ಕಾರ್ಯದರ್ಶಿ, ಔಷಧದ ಅಂಗಡಿ ನಡೆಸುವವರು ಕೂಡ ವ್ಯವಹಾರಕ್ಕೆ ಬೇಕಾದಷ್ಟು ನೆಟ್‌ವರ್ಕಿಂಗ್ ಕಲಿಯಬಹುದು, ಕಲಿಯಲೇಬೇಕು. ಅದನ್ನು ಮನೆಯಲ್ಲೇ ಕೂತು ಆನ್‌ಲೈನ್ ಕೋರ್ಸ್‌ನಲ್ಲಿ ಕಲಿಯುವುದು ಈಗ ಸಾಧ್ಯವಿದೆ. ನಾನು ಹಾಗೆ ಕಲಿತವನಾದ್ದರಿಂದ ಈ ಮಾತನ್ನು ಧೈರ್ಯವಾಗಿ ಹೇಳುತ್ತಿದ್ದೇನೆ.

ಅಮೆರಿಕದ ಬಿಸಿನೆಸ್ ಸ್ಕೂಲ್‌ಗಳಲ್ಲಿ ಇದು ಬಹಳ ಕಾಲದಿಂದ ಪಠ್ಯದ ಭಾಗ. ಜೆರ್ರಿ ಫಿಟ್ಜ್‌ಗೆರಾಲ್ಡ್ ಮತ್ತು ಅಲನ್ ಡೆನ್ನಿಸ್ ಬರೆದ ‘ಬಿಸಿನೆಸ್ ಡೇಟಾ ಕಮ್ಯುನಿಕೇಷನ್ಸ್ ಅಂಡ್ ನೆಟ್‌ವರ್ಕಿಂಗ್’ ಅಲ್ಲಿ ಮತ್ತೆ ಮತ್ತೆ ಪರಿಷ್ಕರಣೆಗೊಂಡು ಬಳಕೆಯಲ್ಲಿರುವ ಪುಸ್ತಕ. ತಂತಿ, ತರಂಗ, ಪ್ರೋಟೊಕಾಲ್ ಎಲ್ಲ ಅದರಲ್ಲಿದ್ದರೂ ಕೊನೆಗೆ ಪುಸ್ತಕ ಬಂದು ನಿಲ್ಲುವುದು ವ್ಯಾಪಾರಿಯ ಮೂರು ಪ್ರಶ್ನೆಗಳ ಬಳಿ: ಯಾರಿಗೆ ಏನು ಬೇಕು, ಯಾವ ಉಪಕರಣ ಅದನ್ನು ಕೊಡುತ್ತದೆ, ಖರ್ಚು ಎಷ್ಟು. ನಮ್ಮಲ್ಲಿ ಈ ವಿಷಯ ಎಂಜಿನಿಯರಿಂಗ್ ಮತ್ತು ಬಿಸಿಎ ತರಗತಿಗಳ ಪಾಲಿಗೆ ಉಳಿದುಬಿಟ್ಟಿದೆ. ಆದರೆ ಕರ್ನಾಟಕದ ಇವತ್ತಿನ ವ್ಯವಹಾರ ನಿಂತಿರುವುದೇ ದತ್ತಾಂಶ ಸಂವಹನದ ಮೇಲೆ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದು, ಇಲ್ಲಿ ಮಾಡಿದ ಕೆಲಸವನ್ನು ಉಪಗ್ರಹದ ಮೂಲಕ ಅಮೆರಿಕಕ್ಕೆ ಕಳಿಸುವ ವ್ಯವಸ್ಥೆ ಮಾಡಿಕೊಂಡಿತು. ಕೋರ್ ಬ್ಯಾಂಕಿಂಗ್ ಬಂದ ಮೇಲೆ ಖಾತೆ ಶಾಖೆಯ ಲೆಡ್ಜರಿನಿಂದ ಹೊರಬಂದು ನೆಟ್‌ವರ್ಕ್‌ನ ಇನ್ನೊಂದು ತುದಿಗೆ ಹೋಯಿತು. ಉಡುಪಿಯಲ್ಲಿ ತೆರೆದ ಖಾತೆಯ ಹಣವನ್ನು ಬೀದರಿನಲ್ಲಿ ತೆಗೆಯುವುದು ಈಗ ಯಾರಿಗೂ ವಿಶೇಷ ಅನಿಸುವುದಿಲ್ಲ. ಅದು ಸಾಧ್ಯವಾಗುವುದು ಹೇಗೆಂದು ವಾಣಿಜ್ಯ ಪದವೀಧರರಿಗೆ ಗೊತ್ತಿರಬೇಡವೇ?

ಕಲಿಯಲು ಜಾಗಗಳಿವೆ. ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ 2003ರಲ್ಲಿ ಆರಂಭಿಸಿದ ಎನ್‌ಪಿಟಿಇಎಲ್, 2014ರಿಂದ ಪ್ರಮಾಣಪತ್ರದ ಕೋರ್ಸ್‌ಗಳನ್ನೂ ನಡೆಸುತ್ತಿದೆ. 2017ರ ಜುಲೈನಲ್ಲಿ ಕೇಂದ್ರ ಸರ್ಕಾರದ ‘ಸ್ವಯಂ’ ವೇದಿಕೆ ಬಂತು. ಖರಗ್‌ಪುರ ಐಐಟಿಯ ಸೌಮ್ಯಕಾಂತಿ ಘೋಷ್ ಮತ್ತು ಸಂದೀಪ್ ಚಕ್ರವರ್ತಿ ಕಲಿಸುವ, 12 ವಾರಗಳ ಕಂಪ್ಯೂಟರ್ ನೆಟ್‌ವರ್ಕ್ಸ್ ಕೋರ್ಸ್ ಇಲ್ಲಿ ಸಿಗುತ್ತದೆ. ಸೇರಲು, ಪಾಠ ಕೇಳಲು ದುಡ್ಡಿಲ್ಲ; ಪ್ರಮಾಣಪತ್ರ ಬೇಕಾದವರು ಮಾತ್ರ ಶುಲ್ಕ ಕಟ್ಟಿ ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು. ವಾರದ ಅಸೈನ್‌ಮೆಂಟ್‌ಗೆ 25 ಅಂಕ, ಪರೀಕ್ಷೆಗೆ 75. 1997ರಿಂದ ನಡೆಯುತ್ತಿರುವ ಸಿಸ್ಕೊ ನೆಟ್‌ವರ್ಕಿಂಗ್ ಅಕಾಡೆಮಿ ಕೂಡ ಆರಂಭಿಕರ ಪಾಠಗಳನ್ನು ಉಚಿತವಾಗಿ ಕೊಡುತ್ತದೆ.

ಬೇರೆ ಯಾವ ವಿಷಯಕ್ಕೂ ಇಲ್ಲದ ಒಂದು ಅನುಕೂಲ ಈ ವಿಷಯದ ಆನ್‌ಲೈನ್ ಕೋರ್ಸ್‌ಗಿದೆ. ಪಾಠ ನಿಮ್ಮ ಮೊಬೈಲಿಗೆ ಬಂದು ಮುಟ್ಟುವ ಕ್ರಿಯೆಯೇ ಪಾಠದ ವಸ್ತು. ವೈರ್‌ಶಾರ್ಕ್ ಎಂಬ ಉಚಿತ ತಂತ್ರಾಂಶವಿದೆ. ಜೆರಾಲ್ಡ್ ಕೂಂಬ್ಸ್ 1998ರಲ್ಲಿ ಈಥೀರಿಯಲ್ ಎಂಬ ಹೆಸರಿನಲ್ಲಿ ಹೊರತಂದದ್ದು 2006ರಲ್ಲಿ ವೈರ್‌ಶಾರ್ಕ್ ಆಯಿತು. ಅದನ್ನು ಲ್ಯಾಪ್‌ಟಾಪ್‌ನಲ್ಲಿ ಹಾಕಿಕೊಂಡು ಪಾಠದ ವಿಡಿಯೊ ಒತ್ತಿ ನೋಡಿ. ಮೊದಲು ಡಿಎನ್‌ಎಸ್ ಪ್ರಶ್ನೆ ಹೊರಡುತ್ತದೆ, ಉತ್ತರವಾಗಿ ವಿಳಾಸ ಬರುತ್ತದೆ, ಸರ್ವರ್ ತನ್ನ ಗುರುತು ತೋರಿಸುತ್ತದೆ, ಎರಡೂ ಕಡೆಯ ಕಂಪ್ಯೂಟರ್‌ಗಳು ಗೂಢಲಿಪಿಯ ಕೀಲಿ ಒಪ್ಪಿಕೊಳ್ಳುತ್ತವೆ, ಆಮೇಲೆ ಪ್ಯಾಕೆಟ್‌ಗಳ, ಎಂದರೆ ದತ್ತಾಂಶದ ಸಣ್ಣ ತುಂಡುಗಳ, ಸಾಲು ಪರದೆಯ ಮೇಲೆ ಧಾರಾಕಾರವಾಗಿ ಇಳಿಯುತ್ತದೆ. ಒಳಗೇನಿದೆ ಎಂದು ಓದಲಾಗುವುದಿಲ್ಲ. ಎಲ್ಲಿಂದ ಎಲ್ಲಿಗೆ, ಯಾವಾಗ, ಎಷ್ಟು ದೊಡ್ಡದು ಎಂಬುದಷ್ಟೇ ಕಾಣುತ್ತದೆ. ಪದರ ಪದರವಾಗಿ ಪುಸ್ತಕದಲ್ಲಿ ಬರೆದಿದ್ದೆಲ್ಲ ನಿಜವೆಂದು ನನಗೆ ಗಟ್ಟಿಯಾದದ್ದು ಆಗ. (ಸ್ವಂತದ ಅಥವಾ ಅನುಮತಿ ಇರುವ ನೆಟ್‌ವರ್ಕ್‌ನಲ್ಲಿ ಮಾತ್ರ ಇದನ್ನು ಮಾಡಿ. ಇನ್ನೊಬ್ಬರ ಸಂಚಾರವನ್ನು ಕದ್ದು ನೋಡುವುದು ತಪ್ಪು, ಕಾನೂನಿನ ತೊಡಕೂ ಆಗುತ್ತದೆ.)

ರೆಕಾರ್ಡ್ ಮಾಡಿದ ಪಾಠಕ್ಕೂ ನೇರ ತರಗತಿಗೂ ಇರುವ ವ್ಯತ್ಯಾಸದಲ್ಲೂ ಒಂದು ಪಾಠವಿದೆ. ರೆಕಾರ್ಡ್ ಮಾಡಿದ್ದು ಮುಂದಿನ ಕೆಲವು ಸೆಕೆಂಡುಗಳ ಚಿತ್ರವನ್ನು ಮೊದಲೇ ತಂದು ಇಟ್ಟುಕೊಳ್ಳುತ್ತದೆ. ದಾರಿಯಲ್ಲಿ ಒಂದು ಪ್ಯಾಕೆಟ್ ಕಳೆದರೆ ಮತ್ತೆ ತರಿಸಿಕೊಳ್ಳಲು ಸಮಯವಿದೆ. ನೇರ ತರಗತಿಯಲ್ಲಿ ಅಷ್ಟು ಪುರುಸೊತ್ತಿಲ್ಲ. ಮಾತು ಸರಾಗವಾಗಿ ನಡೆಯಬೇಕಾದರೆ ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡಿನ ಒಳಗಿರುವುದು ಒಳ್ಳೆಯದೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು. ಕಳೆದುಹೋದ ಅಕ್ಷರವನ್ನು ಮತ್ತೆ ತರಿಸುವ ಹೊತ್ತಿಗೆ ಮೇಷ್ಟ್ರು ಮುಂದಿನ ವಾಕ್ಯದಲ್ಲಿರುತ್ತಾರೆ, ಹಾಗಾಗಿ ಅದನ್ನು ಕೈಬಿಟ್ಟು ಮುಂದೆ ಹೋಗುವುದೇ ಸರಿ. ಬ್ಯಾಂಕಿನ ಲೆಕ್ಕಕ್ಕೆ ಈ ರೀತಿ ನಡೆಯುವುದಿಲ್ಲ, ಅಲ್ಲಿ ತಡವಾದರೂ ಪ್ರತಿ ಅಂಕಿಯೂ ಬರಲೇಬೇಕು. ಯಾವ ವ್ಯವಹಾರಕ್ಕೆ ಯಾವುದು ಮುಖ್ಯ ಎಂದು ತಿಳಿಯುವುದರಿಂದಲೇ ವ್ಯವಹಾರದ ನೆಟ್‌ವರ್ಕಿಂಗ್ ಶುರುವಾಗುತ್ತದೆ.

ವೇಗ ಮತ್ತು ವಿಳಂಬ ಬೇರೆ ಬೇರೆ ಎಂದು ತಿಳಿಸಲು ಆಂಡ್ರ್ಯೂ ಟ್ಯಾನನ್‌ಬಾಮ್ ತಮ್ಮ ಪಠ್ಯಪುಸ್ತಕದಲ್ಲಿ ಹೆದ್ದಾರಿಯಲ್ಲಿ ಓಡುವ, ಟೇಪುಗಳನ್ನು ತುಂಬಿದ ಕಾರಿನ ಲೆಕ್ಕ ಕೊಟ್ಟಿದ್ದರು. ಅದನ್ನು ನಮ್ಮ ರಸ್ತೆಗೆ ತಂದು ಮಾಡಿ ನೋಡೋಣ. ತಲಾ 10 ಟೆರಾಬೈಟಿನ 100 ಹಾರ್ಡ್‌ಡಿಸ್ಕ್‌ಗಳನ್ನು ಬೆಂಗಳೂರಿನಲ್ಲಿ ಬಸ್ಸಿಗೆ ಹಾಕಿದರೆ ಸುಮಾರು 8 ಗಂಟೆಯಲ್ಲಿ ಹುಬ್ಬಳ್ಳಿ ತಲುಪುತ್ತವೆ. ಭಾಗಾಕಾರ ಮಾಡಿದರೆ ಸೆಕೆಂಡಿಗೆ ಹತ್ತಿರಹತ್ತಿರ 278 ಗಿಗಾಬಿಟ್. ಅದೇ ದತ್ತಾಂಶವನ್ನು 100 ಎಂಬಿಪಿಎಸ್ ಸಂಪರ್ಕದಲ್ಲಿ ಕಳಿಸಲು ಎರಡೂವರೆ ವರ್ಷ ಬೇಕು. ಆದರೆ ಬಸ್ಸಿನಲ್ಲಿ ಕಳಿಸಿದ ಮೊದಲ ಅಕ್ಷರವೂ 8 ಗಂಟೆ ಕಾಯಬೇಕು. ಹಳೆಯ ಕಡತಗಳ ಬ್ಯಾಕಪ್‌ಗೆ ಬಸ್ಸು ಆಗಬಹುದು, ಬಿಲ್ಲಿಂಗ್‌ಗೆ ಆಗದು. ಬೆಳಕು ಫೈಬರಿನಲ್ಲಿ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೊಮೀಟರ್ ಓಡುತ್ತದೆ. 14 ಸಾವಿರ ಕಿಲೊಮೀಟರ್ ಆಚೆಗಿನ ಸರ್ವರ್‌ಗೆ ಹೋಗಿಬರಲು ಕಡಿಮೆಯೆಂದರೂ 140 ಮಿಲಿಸೆಕೆಂಡ್ ಬೇಕೇ ಬೇಕು. ದೊಡ್ಡ ಪ್ಲಾನ್ ಕೊಂಡರೂ ಅದು ಕಡಿಮೆಯಾಗುವುದಿಲ್ಲ. ಸರ್ವರ್ ಅನ್ನು ಹತ್ತಿರಕ್ಕೆ ತಂದರೆ ಮಾತ್ರ ಆಗುತ್ತದೆ.

<b>365 ಮೀಟರಿನ ದಾರಿ</b>

ಕೋರ್ಸ್‌ನಲ್ಲಿ ಬರುವ ಕಥೆಗಳಲ್ಲಿ ನನ್ನನ್ನು ಹೆಚ್ಚು ಹಿಡಿದದ್ದು 1986ರ ಅಕ್ಟೋಬರಿನದು. ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವೆ 400 ಗಜ, ಎಂದರೆ ಸುಮಾರು 365 ಮೀಟರ್ ದೂರ. ನಡೆದರೆ ಐದಾರು ನಿಮಿಷ. ಆ ದಾರಿಯಲ್ಲಿ ಸೆಕೆಂಡಿಗೆ 32 ಸಾವಿರ ಬಿಟ್ ಸಾಗುತ್ತಿದ್ದುದು ಇದ್ದಕ್ಕಿದ್ದಂತೆ 40 ಬಿಟ್‌ಗೆ ಕುಸಿಯಿತು. ತಂತಿ ತುಂಡಾಗಿರಲಿಲ್ಲ, ಯಂತ್ರಗಳು ಕೆಟ್ಟಿರಲಿಲ್ಲ. ಪ್ರತಿ ಕಂಪ್ಯೂಟರೂ ತನಗೆ ಹೇಳಿಕೊಟ್ಟ ಹಾಗೆಯೇ ನಡೆದುಕೊಳ್ಳುತ್ತಿತ್ತು: ಉತ್ತರ ಬಾರದಿದ್ದರೆ ಪ್ಯಾಕೆಟ್ ಕಳೆದಿದೆ ಎಂದುಕೊಳ್ಳುವುದು, ಮತ್ತೆ ಕಳಿಸುವುದು. ದಾರಿ ಆಗಲೇ ತುಂಬಿತ್ತು. ಮತ್ತೆ ಕಳಿಸಿದ್ದರಿಂದ ಇನ್ನಷ್ಟು ತುಂಬಿತು, ಇನ್ನಷ್ಟು ಕಳೆಯಿತು, ಕಂಪ್ಯೂಟರುಗಳು ಇನ್ನಷ್ಟು ಕಳಿಸಿದವು.

ವ್ಯಾನ್ ಜೇಕಬ್‌ಸನ್ ಇದರ ಹಿಂದೆ ಬಿದ್ದರು. 1988ರಲ್ಲಿ ಪ್ರಕಟವಾದ ಅವರ ಪ್ರಬಂಧದಲ್ಲಿದ್ದ ಪರಿಹಾರ ಬಹಳ ಸರಳ, ಅದಕ್ಕೇ ಬಹಳ ದೊಡ್ಡದು. ಕಳಿಸುವವರು ಸಣ್ಣದಾಗಿ ಆರಂಭಿಸಬೇಕು. ತಲುಪಿದ ಸುದ್ದಿ ಬಂದಂತೆಲ್ಲ ಪ್ರಮಾಣ ಏರಿಸಬೇಕು. ಕಳೆದ ಸೂಚನೆ ಕಂಡ ಕೂಡಲೇ ಗಣನೀಯವಾಗಿ ತಗ್ಗಿಸಿ, ಮತ್ತೆ ನಿಧಾನಕ್ಕೆ ಏರಬೇಕು. ಎಲ್ಲರಿಗೂ ಅಪ್ಪಣೆ ಕೊಡುವ ಅಧಿಕಾರಿ ನಡುವೆ ಯಾರೂ ಇಲ್ಲ. ತುದಿಗಳಲ್ಲಿರುವವರು ತಾವಾಗಿ ಹಿಂದೆ ಸರಿದು ದಾರಿ ಬಿಡುತ್ತಾರೆ. ಇವತ್ತಿಗೂ ಇಂಟರ್‌ನೆಟ್ ಕುಸಿಯದೆ ನಿಂತಿರುವುದು ಈ ತತ್ತ್ವದ ಮೇಲೆ, ಅದರ ಸುಧಾರಿತ ರೂಪಗಳ ಮೇಲೆ. ಪರೀಕ್ಷೆಯ ಫಲಿತಾಂಶದ ದಿನ ಪುಟ ತೆರೆಯದಿದ್ದಾಗ ಸಾವಿರಾರು ಮಕ್ಕಳು ರಿಫ್ರೆಶ್ ಒತ್ತುತ್ತಲೇ ಇರುತ್ತಾರಲ್ಲ, ಅಲ್ಲಿ ನಡೆಯುವುದೂ 1986ರದೇ ಕಥೆ. ಜೇಕಬ್‌ಸನ್‌ರ ನಿಯಮವನ್ನು ಯಂತ್ರಗಳಿಗೆ ಕಲಿಸಿದ್ದೇವೆ, ಬೆರಳುಗಳಿಗೆ ಕಲಿಸಿಲ್ಲ.

<b>ಕೈ ಆಡಿಸಬೇಕು</b>

ವಿಡಿಯೊ ನೋಡಿದ್ದೇ ಕಲಿತದ್ದು ಎಂಬ ಭ್ರಮೆ ಈ ವಿಷಯದಲ್ಲಿ ಬಹಳ ಅಪಾಯಕಾರಿ. ಆನ್‌ಲೈನ್ ಕೋರ್ಸ್ ಸೇರಿದವರಲ್ಲಿ ಮುಗಿಸುವವರು ಎಷ್ಟು ಕಡಿಮೆ ಎಂಬುದಕ್ಕೆ ಲೆಕ್ಕವೂ ಇದೆ. ಹಾರ್ವರ್ಡ್ ಮತ್ತು ಎಂಐಟಿಯ ಆನ್‌ಲೈನ್ ಕೋರ್ಸ್‌ಗಳ ಅಂಕಿಅಂಶ ಪರಿಶೀಲಿಸಿ 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಬರಹದ ಪ್ರಕಾರ, 2017–18ರಲ್ಲಿ ಮುಗಿಸಿದವರು ಶೇ 3ರಷ್ಟು ಮಾತ್ರ. ಪ್ರಮಾಣಪತ್ರಕ್ಕೆ ದುಡ್ಡು ಕಟ್ಟಿದವರಲ್ಲಿ ಈ ಪ್ರಮಾಣ ಶೇ 46. ಹಾಗಾಗಿ ಪ್ರಮಾಣಪತ್ರದ ಗೊಡವೆ ಬೇಡ ಎನ್ನುವವರಿಗೂ ಪರೀಕ್ಷೆಗೆ ಹೆಸರು ಕೊಡಿ ಎಂದೇ ನಾನು ಹೇಳುವುದು. ಕೇಂದ್ರಕ್ಕೆ ಹೋಗಿ ಬರೆಯಬೇಕೆಂಬ ದಿನಾಂಕ ಮುಂದಿದ್ದರೆ ಭಾನುವಾರದ ಸಂಜೆ ಅಸೈನ್‌ಮೆಂಟ್‌ಗೆ ಕೂರುತ್ತೇವೆ.

ಕೈಕೆಲಸಕ್ಕೆ ಸಿಸ್ಕೊದ ಪ್ಯಾಕೆಟ್ ಟ್ರೇಸರ್ ಎಂಬ ತಂತ್ರಾಂಶ ಇದೆ. ರೂಟರ್, ಸ್ವಿಚ್, ಕಂಪ್ಯೂಟರ್‌ಗಳನ್ನು ಪರದೆಯ ಮೇಲೆ ಎಳೆದಿಟ್ಟು ಕೇಬಲ್ ಹಾಕಬಹುದು. ಸ್ವಿಚ್‌ಗೆ ಕಂಪ್ಯೂಟರ್ ಜೋಡಿಸಿದ ಕೂಡಲೇ ದೀಪ ಹಸಿರಾಗುವುದಿಲ್ಲ, ಸುಮಾರು 30 ಸೆಕೆಂಡ್ ಕಿತ್ತಳೆ ಬಣ್ಣದಲ್ಲೇ ಇರುತ್ತದೆ. ಹೊಸಬರು ಏನೋ ಕೆಟ್ಟಿತೆಂದು ಕಿತ್ತು ಮತ್ತೆ ಜೋಡಿಸುತ್ತಾರೆ. ಆ ಹೊತ್ತಿನಲ್ಲಿ ಸ್ವಿಚ್ ತನ್ನ ಸುತ್ತ ಎಲ್ಲಾದರೂ ವೃತ್ತ ಆಗಿದೆಯೇ ಎಂದು ಹುಡುಕುತ್ತಿರುತ್ತದೆ. ಈ ಹುಡುಕಾಟ ಇಲ್ಲದೆ ಎರಡು ಸ್ವಿಚ್‌ಗಳ ನಡುವೆ ಎರಡು ಕೇಬಲ್ ಹಾಕಿದರೆ ಎಲ್ಲರಿಗೂ ಎಂದು ಕಳಿಸಿದ ಒಂದು ಸಂದೇಶ ಸುತ್ತುತ್ತ ಬೆಳೆದು ಇಡೀ ಕಚೇರಿಯ ನೆಟ್‌ವರ್ಕ್ ಉಸಿರುಗಟ್ಟುತ್ತದೆ. ಒಂದು ದಾರಿಯನ್ನು ತಾನಾಗಿ ಮುಚ್ಚಿಟ್ಟು, ಇನ್ನೊಂದು ಕೆಟ್ಟಾಗ ಮಾತ್ರ ತೆರೆಯುವ ಸ್ಪ್ಯಾನಿಂಗ್ ಟ್ರೀ ವಿಧಾನವನ್ನು 1985ರಲ್ಲಿ ರೂಪಿಸಿದವರು ರೇಡಿಯಾ ಪರ್ಲ್‌ಮನ್. ನೆಟ್‌ವರ್ಕಿಂಗ್ ಗಂಡಸರ ಕೆಲಸ ಎಂದು ಯಾರಾದರೂ ಹುಡುಗಿಯರಿಗೆ ಹೇಳಿದರೆ ಅವರ ಎದುರಿಗಿಡಬೇಕಾದ ಹೆಸರು ಇದು.

ಬಹಳ ಜನ ಎಡವುವ ಜಾಗ ಸಬ್‌ನೆಟ್ಟಿಂಗ್, ಎಂದರೆ ನೆಟ್‌ವರ್ಕ್ ವಿಳಾಸಗಳ ಗುಂಪನ್ನು ಭಾಗ ಮಾಡುವುದು. ಎರಡರ ಘಾತಗಳು, ಮಾಸ್ಕ್, ಬೈನರಿ ಎಲ್ಲ ಒಟ್ಟಿಗೆ ಬಂದು ತಲೆ ಗಿರ್ರೆನ್ನುತ್ತದೆ. ಇದನ್ನು ಬಡಾವಣೆಯಲ್ಲಿ ನಿವೇಶನ ಹಂಚುವ ಕೆಲಸದಂತೆ ನೋಡಿದರೆ ಸಲೀಸು: ಇರುವ ಜಾಗ ಇಷ್ಟು, ಗೇಟಿಗೂ ರಸ್ತೆಗೂ ಬಿಡಬೇಕಾದ್ದು ಇಷ್ಟು, ಉಳಿದದ್ದು ಮನೆಗಳಿಗೆ. 256 ವಿಳಾಸಗಳ ಒಂದು ಗುಂಪನ್ನು ನಾಲ್ಕು ಮಾಡಿದರೆ ತಲಾ 64. ಪ್ರತಿ ಭಾಗದಲ್ಲೂ ಎರಡು ವಿಳಾಸ ಕಾದಿರಿಸಿದ್ದು, ಬಳಕೆಗೆ 62. ಒಂದು ಭಾಗ ಬಿಲ್ಲಿಂಗ್ ಯಂತ್ರಗಳಿಗೆ, ಒಂದು ಸಿಸಿಟಿವಿ ಕ್ಯಾಮೆರಾಗಳಿಗೆ, ಒಂದು ಕಚೇರಿಗೆ, ಒಂದು ಗ್ರಾಹಕರ ವೈಫೈಗೆ.

ಹೀಗೇಕೆ ಬೇರೆ ಮಾಡಬೇಕು ಎಂಬುದಕ್ಕೆ 2013ರ ಕೊನೆಯಲ್ಲಿ ಅಮೆರಿಕದ ಟಾರ್ಗೆಟ್ ಮಳಿಗೆಗಳಲ್ಲಿ ನಡೆದದ್ದು ಸಾಕು. ಶೈತ್ಯೀಕರಣ ಮತ್ತು ಹವಾನಿಯಂತ್ರಣದ ಗುತ್ತಿಗೆದಾರರ ಲಾಗಿನ್ ಕದ್ದವರು ಒಳಗೆ ಬಂದು ಬಿಲ್ಲಿಂಗ್ ಯಂತ್ರಗಳ ತನಕ ಹೋದರು. ಸುಮಾರು 4 ಕೋಟಿ ಕಾರ್ಡ್‌ಗಳ ವಿವರ ಕಳವಾಯಿತು. ಬೇರೆ ಕೆಲಸಕ್ಕೆ ಬಂದವರು ಗಲ್ಲಾಪೆಟ್ಟಿಗೆಯವರೆಗೆ ಹೋಗಲು ಬಿಡದ ಗೋಡೆ ಗಟ್ಟಿ ಇರಬೇಕಿತ್ತು. ನಮ್ಮ ಪೇಟೆಗಳ ಎಷ್ಟೋ ಅಂಗಡಿಗಳಲ್ಲಿ ಇವತ್ತೂ ಬಿಲ್ಲಿಂಗ್ ಕಂಪ್ಯೂಟರ್, ಕ್ಯಾಮೆರಾ, ಗಿರಾಕಿಗಳ ಮೊಬೈಲ್ ಎಲ್ಲ ಒಂದೇ ವೈಫೈ ಮೇಲೆ, ಒಂದೇ ಪಾಸ್‌ವರ್ಡ್ ಮೇಲೆ ನಡೆಯುತ್ತಿವೆ. ಅವನ್ನು ಬೇರ್ಪಡಿಸುವುದು ಒಂದು ಮಧ್ಯಾಹ್ನದ ಕೆಲಸ.

<b>ಹಣ ಹೋಯಿತೇ, ಇಲ್ಲವೇ</b>

ಯುಪಿಐ 2016ರಲ್ಲಿ ಬಂತು. ಈಗ ಎಳನೀರಿನ ಗಾಡಿಯಲ್ಲೂ ಕ್ಯೂಆರ್ ಇದೆ. ಗಿರಾಕಿ ‘ದುಡ್ಡು ಹೋಯ್ತಣ್ಣ’ ಎಂದು ಮೊಬೈಲ್ ತೋರಿಸುತ್ತಾರೆ, ಗಾಡಿಯ ಸೌಂಡ್‌ಬಾಕ್ಸ್ ಮಾತಾಡುವುದಿಲ್ಲ. ಇಬ್ಬರೂ ಪ್ರಾಮಾಣಿಕರೇ, ಆದರೂ ಜಗಳ. ಕೋರ್ಸ್ ಓದಿದವರಿಗೆ ಇಲ್ಲಿ ಹಲವು ದಾರಿಗಳು ಕಾಣುತ್ತವೆ. ಕೋರಿಕೆ ಗಿರಾಕಿಯ ಬ್ಯಾಂಕಿನವರೆಗೂ ಹೋಗದೆ ಇರಬಹುದು. ಅಲ್ಲಿ ಹಣ ಕಡಿತವಾಗಿ, ವ್ಯಾಪಾರಿಯ ಬ್ಯಾಂಕಿನ ಉತ್ತರ ಬರುವುದು ತಡವಾಗಿರಬಹುದು. ಎಲ್ಲ ಮುಗಿದು, ಸೌಂಡ್‌ಬಾಕ್ಸ್‌ನ ಒಳಗಿನ ಸಿಮ್‌ಗೆ ಮಾತ್ರ ಆ ಹೊತ್ತಿಗೆ ಸಿಗ್ನಲ್ ಇಲ್ಲದಿರಬಹುದು. ಅದರ ದಾರಿಯೇ ಬೇರೆ.

ನೆಟ್‌ವರ್ಕ್‌ನಲ್ಲಿ ಉತ್ತರ ಬರಲಿಲ್ಲ ಎಂದರೆ ಕೆಲಸ ಆಗಲಿಲ್ಲ ಎಂದರ್ಥವಲ್ಲ. ಕೋರಿಕೆ ಕಳೆಯಿತೋ, ಕೆಲಸವಾಗಿ ಉತ್ತರ ಕಳೆಯಿತೋ, ಕಾಯುತ್ತಿರುವವರಿಗೆ ಎರಡೂ ಒಂದೇ ಥರ ಕಾಣುತ್ತವೆ. 1970ರ ದಶಕದಲ್ಲೇ ಗಣಕ ವಿಜ್ಞಾನಿಗಳು ಇದನ್ನು ಇಬ್ಬರು ಸೇನಾಪತಿಗಳ ಸಮಸ್ಯೆಯಾಗಿ ಚರ್ಚಿಸಿದ್ದರು. ನಂಬಲಾಗದ ದಾರಿಯಲ್ಲಿ ಎಷ್ಟು ಸಲ ದೂತರನ್ನು ಓಡಾಡಿಸಿದರೂ ಇಬ್ಬರಿಗೂ ಪೂರ್ತಿ ಖಾತ್ರಿ ಸಿಗದು. ಹಾಗಾಗಿ ವ್ಯವಹಾರದ ವ್ಯವಸ್ಥೆಗಳು ಬೇರೆ ಉಪಾಯ ಮಾಡುತ್ತವೆ. ಪ್ರತಿ ಪಾವತಿಗೂ ಒಂದು ಸಂಖ್ಯೆ. ಯುಪಿಐಯಲ್ಲಿ ಅದು 12 ಅಂಕಿಯದು. ಅದನ್ನು ಹಿಡಿದು ಎಷ್ಟು ಸಲ ವಿಚಾರಿಸಿದರೂ ಹಣ ಎರಡನೇ ಸಲ ಹೋಗುವುದಿಲ್ಲ. ಗಲಾಟೆಯಾದಾಗ ಮತ್ತೆ ಸ್ಕ್ಯಾನ್ ಮಾಡಿ ಎನ್ನುವ ಬದಲು ಆ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ ಎಂದು ಗಾಡಿಯವರಿಗೆ ಹೇಳಿಕೊಡುವವರು ಬೇಕು.

ಇನ್ನು ಗುಣಾಕಾರದ ಒಂದು ಲೆಕ್ಕ, ವಾಣಿಜ್ಯದವರು ಎಂಜಿನಿಯರುಗಳಿಗಿಂತ ಚೆನ್ನಾಗಿ ಮಾಡಬಲ್ಲದ್ದು. ಸಂಪರ್ಕ ಶೇ 99 ಹೊತ್ತು ಇರುತ್ತದೆ ಎಂದು ಕಂಪನಿ ಹೇಳಿದರೆ ಕೇಳಲು ಚೆನ್ನಾಗಿದೆ. ವರ್ಷಕ್ಕೆ ಅದು 87 ಗಂಟೆಗೂ ಹೆಚ್ಚು ಇಲ್ಲದ ಹೊತ್ತು. ಶೇ 99.9 ಎಂದರೆ ಸುಮಾರು ಎಂಟೂಮುಕ್ಕಾಲು ಗಂಟೆ. ಶೇ 99ರ ಎರಡು ಸಂಪರ್ಕಗಳನ್ನು ತೆಗೆದುಕೊಂಡರೆ ಎರಡೂ ಒಟ್ಟಿಗೆ ಹೋಗುವುದು ವರ್ಷಕ್ಕೆ 53 ನಿಮಿಷ ಮಾತ್ರ, ಅದೂ ಅವು ಒಂದಕ್ಕೊಂದು ಸಂಬಂಧವಿಲ್ಲದೆ ಕೆಡುವುದಾದರೆ. ಎರಡು ಕಂಪನಿಗಳ ಕೇಬಲ್ಲೂ ಒಂದೇ ಕಂಬದ ಮೇಲೆ, ಒಂದೇ ಚರಂಡಿಯ ಪಕ್ಕದಲ್ಲಿ ಬಂದಿದ್ದರೆ ಒಂದು ಜೆಸಿಬಿ ಎರಡನ್ನೂ ಎಳೆದುಹಾಕುತ್ತದೆ. ಎರಡು ಬಿಲ್ ಕಟ್ಟುತ್ತ ಒಂದೇ ದಾರಿಯನ್ನು ನಂಬಿರುವ ಆಸ್ಪತ್ರೆಗಳು, ಸೂಪರ್ ಮಾರ್ಕೆಟ್‌ಗಳು ಇರಬಹುದು. ಸಹಿ ಹಾಕುವ ಮುನ್ನ ‘ನಿಮ್ಮ ಕೇಬಲ್ ಯಾವ ರಸ್ತೆಯಿಂದ ಬರುತ್ತದೆ?’ ಎಂದು ಕೇಳಬೇಕಾದ್ದು ವ್ಯವಸ್ಥಾಪಕರ ಕೆಲಸ.

ಈ ಪಾಠಗಳೆಲ್ಲ ಕನ್ನಡದಲ್ಲಿ ಸಿಗಬೇಕು ಎಂಬುದು ನನ್ನ ಗಟ್ಟಿ ಆಸೆ. ಎನ್‌ಪಿಟಿಇಎಲ್ ತನ್ನ ಹಲವು ಪಾಠಗಳ ಅನುವಾದವನ್ನು ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಕೊಡುತ್ತಿದೆ, ಅದು ಒಳ್ಳೆಯ ಹೆಜ್ಜೆ. ಆದರೆ ಅನುವಾದದ ಜೊತೆಗೆ ಉದಾಹರಣೆಗಳೂ ಇಲ್ಲಿಯವಾಗಬೇಕು. ರೂಟರ್ ರೂಟರ್ ಆಗಿಯೇ ಇರಲಿ, ಪ್ಯಾಕೆಟ್ ಪ್ಯಾಕೆಟ್ ಆಗಿಯೇ ಇರಲಿ; ಅವುಗಳ ಸುತ್ತಣ ವಿವರಣೆ ಕಲಿಯುವವರ ಮನೆಮಾತಿನಲ್ಲಿ, ಅವರ ಊರಿನ ವ್ಯವಹಾರದಲ್ಲಿ ನಡೆಯಲಿ.

ಅಂಥ ಕೋರ್ಸ್‌ಗೆ ಹಾಲು ಉತ್ಪಾದಕರ ಸಹಕಾರ ಸಂಘಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ವಿಷಯ ನನಗೆ ತೋಚುತ್ತಿಲ್ಲ. ಬೆಳಿಗ್ಗೆ ಆರಕ್ಕೆ ಹಾಲು ಬರುತ್ತದೆ. ತೂಕ, ಕೊಬ್ಬು, ಎಸ್‌ಎನ್‌ಎಫ್ (ಕೊಬ್ಬಿನ ಹೊರತಾದ ಘನಾಂಶ) ದಾಖಲಾಗಬೇಕು, ಸದಸ್ಯರ ಕೈಗೆ ಚೀಟಿ ಹೋಗಬೇಕು, ಲೆಕ್ಕ ಒಕ್ಕೂಟಕ್ಕೆ ಮುಟ್ಟಬೇಕು, ದುಡ್ಡು ಬ್ಯಾಂಕ್ ಖಾತೆಗೆ ಬೀಳಬೇಕು. ನೆಟ್ ಇಲ್ಲವೆಂದು ಹಾಲು ಕಾಯುವುದಿಲ್ಲ. ಹಾಗಾದರೆ ಯಂತ್ರ ದಾಖಲೆಯನ್ನು ತನ್ನಲ್ಲೇ ಎಷ್ಟು ದಿನ ಇಟ್ಟುಕೊಳ್ಳಬೇಕು? ಸಂಪರ್ಕ ಬಂದಾಗ ಕಳಿಸಿದ್ದೇ ಮತ್ತೆ ಹೋಗದಂತೆ ಪ್ರತಿ ಚೀಟಿಗೂ ಸಂಖ್ಯೆ ಹೇಗೆ ಕೊಡಬೇಕು? ಫೈಬರ್ ಒಂದೇ ಸಾಕೇ, ಜೊತೆಗೊಂದು 4ಜಿ ಸಿಮ್ ಬೇಕೇ? ಕರೆಂಟು ಹೋದರೆ ಯುಪಿಎಸ್ ರೂಟರಿಗೂ ಇದೆಯೇ, ಕಂಪ್ಯೂಟರಿಗೆ ಮಾತ್ರವೇ? ವಿದ್ಯಾರ್ಥಿ ನಕ್ಷೆ ಬರೆದು ಪ್ಯಾಕೆಟ್ ಟ್ರೇಸರಿನಲ್ಲಿ ಒಂದೊಂದೇ ಕೇಬಲ್ ಕಿತ್ತು ನೋಡಬೇಕು, ಆಮೇಲೆ ಆಡಳಿತ ಮಂಡಳಿಗೆ ಕನ್ನಡದಲ್ಲಿ ಎರಡು ಪುಟದ ಟಿಪ್ಪಣಿ ಬರೆಯಬೇಕು. ಮಂಡಳಿಯವರು ಕೇಳುವ ಮೊದಲ ಪ್ರಶ್ನೆ ಖರ್ಚಿನದು. ಅದಕ್ಕೆ ಎರಡನೆಯ ಸಂಪರ್ಕದ ತಿಂಗಳ ಬಿಲ್ಲಿನ ಪಕ್ಕದಲ್ಲೇ, ಒಂದು ದಿನದ ಹಾಲಿನ ಲೆಕ್ಕ ಕೈತಪ್ಪಿದರೆ ಸಂಘಕ್ಕಾಗುವ ನಷ್ಟವನ್ನೂ ರೂಪಾಯಿಯಲ್ಲಿ ಬರೆದಿರಬೇಕು.